ಕೊನೆಗೆ ಮಾಡಿದ್ದು ಕೂಡಿಸಿದ್ದೋ, ಗುಣಿಸಿದ್ದೋ?

ಹತ್ತನೇ ತರಗತಿಯ ಮಗು ವರ್ಗ ಸಮೀಕರಣದಲ್ಲಿ ಮುಗ್ಗರಿಸುತ್ತಿದೆ ಎಂದು ಪೋಷಕರು ಕರೆದುಕೊಂಡು ಬಂದರೆ ನಾನು ವರ್ಗ ಸಮೀಕರಣದ ತಂಟೆಗೇ ಹೋಗುವುದಿಲ್ಲ. "36 ಬರಬೇಕು. ಯಾವ ಎರಡು ಸಂಖ್ಯೆ ಗುಣಿಸಿದರೆ ಬರುತ್ತದೋ ಅಷ್ಟೂ ಜೋಡಿ ಬರೆಯಪ್ಪ" ಅನ್ನುತ್ತೇನೆ. ಬಹಳಷ್ಟು ಮಕ್ಕಳು ಸರಸರನೆ ಎರಡರಿಂದ, ಮೂರರಿಂದ ಭಾಗಿಸುತ್ತಾ ಕೆಳಗಿಳಿದು 2 × 2 × 3 × 3 ಎಂದು ಬರೆದು ಪೆನ್ನು ಕೆಳಗಿಡುತ್ತಾರೆ. ಅದು ತಪ್ಪಲ್ಲ, ಆದರೆ ನಾನು ಕೇಳಿದ್ದು ಅದಲ್ಲ. 1 × 36, 2 × 18, 3 × 12, 4 × 9, 6 × 6. ಈ ಐದು ಜೋಡಿ ತಡವರಿಸದೆ ಬಂದರೆ ಆ ಮಗುವಿನ ತೊಂದರೆ ಬೇರೆ ಕಡೆ ಇದೆ. ಬರದಿದ್ದರೆ ತೊಂದರೆ ಹತ್ತನೇ ತರಗತಿಯದ್ದಲ್ಲ, ಐದು-ಆರನೇ ತರಗತಿಯದ್ದು.

ಅಪವರ್ತನಗಳನ್ನು, ಅಂದರೆ ಹೀಗೆ ಗುಣಿಸಿಕೊಳ್ಳುವ ಸಂಖ್ಯೆಗಳನ್ನು, ಹುಡುಕುವಾಗ ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಹೇಳಿಕೊಡಬೇಕಾಗುತ್ತದೆ. 6 × 6 ಆದ ಮೇಲೆ ಬರುವುದೆಲ್ಲ ಹಳೆಯ ಜೋಡಿಗಳೇ, ತಿರುವುಮುರುವಾಗಿ. 60 ಕೊಟ್ಟರೆ 7ರವರೆಗೆ ನೋಡಿದರೆ ಸಾಕು; 8 × 8 ಆಗಲೇ 64 ಆಗಿ 60 ಅನ್ನು ದಾಟಿಹೋಗುತ್ತದೆ. ಇದು ಗೊತ್ತಿಲ್ಲದ ಮಕ್ಕಳು ಒಂದೋ ಅರ್ಧಕ್ಕೇ ಬಿಡುತ್ತಾರೆ, ಇಲ್ಲವೇ ಮೂವತ್ತರವರೆಗೂ ಒಂದೊಂದನ್ನೇ ಭಾಗಿಸುತ್ತಾ ಕೂರುತ್ತಾರೆ.

ನಮ್ಮ ದಾವಣಗೆರೆಯ ತರಗತಿಗಳಲ್ಲಿ ಚನ್ನಗಿರಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಇದನ್ನು ಅಡಿಕೆ ಸಸಿಯಲ್ಲೇ ಕೇಳುತ್ತೇನೆ. 36 ಸಸಿ ಇದೆ, ಎಲ್ಲ ಸಾಲಿನಲ್ಲೂ ಸಮ ಬರಬೇಕು, ಎಷ್ಟು ಸಾಲು ಹಾಕ್ತೀಯ? ಉತ್ತರ ಬಾಯಲ್ಲೇ ಬರುತ್ತದೆ. 37 ಸಸಿ ಕೊಟ್ಟರೆ? ಒಂದೇ ಉದ್ದ ಸಾಲು, ಬೇರೆ ದಾರಿಯೇ ಇಲ್ಲ. ಅವಿಭಾಜ್ಯ ಸಂಖ್ಯೆ ಎಂದರೆ ಅಷ್ಟೇ. ಒಬ್ಬ ಹುಡುಗ ಮಾತ್ರ "ಒಂದು ಸಸಿ ಒಣಗಿಹೋಯ್ತು ಅಂದ್ಕೊಳ್ರಿ ಮೇಡಂ, ಆರಾರು ಸಾಲು ಹಾಕ್ತೀನಿ" ಎಂದಿದ್ದ. ತೋಟದವರ ಮಗ, ಅವನದೂ ಒಂದು ಲೆಕ್ಕ.

ಈಗ ಬೀಜಗಣಿತಕ್ಕೆ ಬರೋಣ. ಪಠ್ಯಪುಸ್ತಕದಲ್ಲಿ ಚರಾಕ್ಷರಕ್ಕೆ ಎಕ್ಸ್ ಇರುತ್ತದೆ. ಇಲ್ಲಿ ನಾನು 'ಯ' ಎಂದು ಬರೆಯುತ್ತೇನೆ. ಇದು ನನ್ನ ಹೊಸ ಸಂಶೋಧನೆಯೇನಲ್ಲ. ಹನ್ನೆರಡನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಗೊತ್ತಿಲ್ಲದ ರಾಶಿಯನ್ನು 'ಯಾವತ್ತಾವತ್' ಎಂದು ಕರೆದು, ಬರೆಯುವಾಗ ಚುಟುಕಾಗಿ 'ಯಾ' ಎಂದೇ ಬರೆಯುತ್ತಿದ್ದರು.

ಎಂಟನೇ ತರಗತಿಯಲ್ಲಿ ಅಪವರ್ತಿಸುವಿಕೆ (ಮೊತ್ತವನ್ನು ಗುಣಲಬ್ಧವಾಗಿ ಬರೆಯುವುದು) ಶುರುವಾಗುವುದು ಸಾಮಾನ್ಯ ಅಪವರ್ತನವನ್ನು ಹೊರಗೆ ತೆಗೆಯುವುದರಿಂದ. ಮಕ್ಕಳ ಬಾಯಲ್ಲಿ ಅದು "ಕಾಮನ್ ತೆಗೆಯೋದು". 6ಯ + 15 ಇದ್ದರೆ 3(2ಯ + 5). ಇಲ್ಲಿ ಯಾರೂ ಎಡವುವುದಿಲ್ಲ. ಎಡವುವುದು 3ಯ² + 3ಯ ಎಂಬಲ್ಲಿ. 3ಯ ಹೊರಗೆ ತೆಗೆದು, ಮೊದಲ ಪದಕ್ಕೆ ಯ ಬರೆದು, ಎರಡನೆಯದಕ್ಕೆ ಏನೂ ಬರೆಯದೆ 3ಯ(ಯ) ಎಂದು ಆವರಣ ಮುಚ್ಚಿಬಿಡುತ್ತಾರೆ. ಯಾಕೆ ಎಂದರೆ "ಪೂರ್ತಿ ತೆಗೆದ್ವಲ್ರಿ ಮೇಡಂ, ಏನೂ ಉಳೀಲಿಲ್ಲ" ಎನ್ನುತ್ತಾರೆ. ಅವರ ಮನಸ್ಸಿನಲ್ಲಿ 'ತೆಗೆಯುವುದು' ಎಂದರೆ ಕಳೆಯುವುದು. 3ಯದಲ್ಲಿ 3ಯ ಕಳೆದರೆ ಸೊನ್ನೆ ನಿಜ. ಆದರೆ ಇಲ್ಲಿ ನಡೆದಿರುವುದು ಭಾಗಾಕಾರ, 3ಯವನ್ನು 3ಯದಿಂದ ಭಾಗಿಸಿದರೆ ಉಳಿಯುವುದು 1. ಉತ್ತರ 3ಯ(ಯ + 1). ಈ ಒಂದು ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮುಂದೆ ಹೋದರೆ ಅದು ಮುಂದಿನ ವಾರ ಮತ್ತೆ ಬರುತ್ತದೆ. ಆವರಣವನ್ನು ಬಿಡಿಸಿ ಗುಣಿಸಿ ನೋಡು ಎಂದು ಮಗುವಿನ ಕೈಯಲ್ಲೇ ಮಾಡಿಸಿದರೆ 3ಯ² ಮಾತ್ರ ಬಂದು, ಇನ್ನೊಂದು 3ಯ ಎಲ್ಲಿ ಹೋಯಿತು ಎಂದು ಅದೇ ಹುಡುಕುತ್ತದೆ.

ಎಲ್ಲ ತೊಂದರೆಯ ಬುಡ ಇಲ್ಲಿದೆ ಎಂದು ನನ್ನ ಅನಿಸಿಕೆ: ಕೂಡಿಸಿದ ಭಾಗ ಯಾವುದು, ಗುಣಿಸಿದ ಭಾಗ ಯಾವುದು ಎಂದು ಕಣ್ಣಿಗೆ ಕಾಣದಿರುವುದು. ಕೂಡಿಸಿದ ಭಾಗಕ್ಕೆ ಪದ ಎನ್ನುತ್ತೇವೆ, ಗುಣಿಸಿದ್ದಕ್ಕೆ ಅಪವರ್ತನ. ವ್ಯಾಖ್ಯೆ ಬಾಯಿಪಾಠ ಇರುತ್ತದೆ. ಆದರೂ (ಯ + 6)/6 ಕೊಟ್ಟರೆ ಮೇಲಿನ 6, ಕೆಳಗಿನ 6 ಎರಡಕ್ಕೂ ಗೆರೆ ಎಳೆದು ಯ ಎಂದು ಬರೆಯುತ್ತಾರೆ. ಯ = 6 ಇಟ್ಟರೆ 12/6, ಅಂದರೆ 2. ಮಗುವಿನ ಉತ್ತರದ ಪ್ರಕಾರ 6 ಬರಬೇಕಿತ್ತು. ಹೊಡೆದುಹಾಕುವ ಅಧಿಕಾರ ಅಪವರ್ತನಕ್ಕೆ ಮಾತ್ರ ಇದೆ, ಪದಕ್ಕಿಲ್ಲ.

ಇದಕ್ಕೆ ನಾನು ತರಗತಿಯಲ್ಲಿ ಮಾಡಿಸುವ ಉಪಾಯ ಒಂದೇ. ಯಾವ ಬೀಜೋಕ್ತಿಯೇ ಇರಲಿ, ಯಗೆ ಒಂದು ಸಂಖ್ಯೆ ಹಾಕಿ ಬೆಲೆ ಕಂಡುಹಿಡಿಯಿರಿ, ಕಟ್ಟಕಡೆಗೆ ಮಾಡಿದ ಕ್ರಿಯೆ ಯಾವುದು ಹೇಳಿ. 3(ಯ + 2)ರಲ್ಲಿ ಮೊದಲು ಕೂಡುತ್ತೀರಿ, ಕೊನೆಗೆ ಗುಣಿಸುತ್ತೀರಿ. ಹಾಗಾಗಿ ಇದು ಗುಣಲಬ್ಧ, ಅಪವರ್ತನಗಳಾಗಿ ನಿಂತಿದೆ. 3ಯ + 6ರಲ್ಲಿ ಕೊನೆಗೆ ಕೂಡುತ್ತೀರಿ, ಹಾಗಾಗಿ ಇದು ಮೊತ್ತ. ಅಪವರ್ತಿಸು ಎಂದು ಪ್ರಶ್ನೆ ಇದ್ದರೆ, ಕೊನೆಯ ಕ್ರಿಯೆ ಗುಣಾಕಾರ ಆಗುವ ತನಕ ಕೆಲಸ ಮುಗಿದಿಲ್ಲ. ಯ(ಯ − 2) − 3(ಯ − 2) ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಉತ್ತರ ಎಂದು ಒಪ್ಪಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಆವರಣ ಕಂಡಿತಲ್ಲ, ಮುಗಿಯಿತು ಎಂಬ ಲೆಕ್ಕ. ಕೊನೆಗೆ ಏನು ಮಾಡಿದೆ ಎಂದು ಕೇಳಿದರೆ "ಕಳೆದೆ" ಎಂದು ಹೇಳಿ, ಮಗುವೇ ಪುಸ್ತಕ ವಾಪಸ್ ಎಳೆದುಕೊಳ್ಳುತ್ತದೆ. (ಯ − 2) ಎರಡೂ ಕಡೆ ಇದೆ, ಅದನ್ನೇ ಹೊರಗೆ ತೆಗೆದರೆ (ಯ − 2)(ಯ − 3).

ಇನ್ನು ಯ² + 5ಯ + 6. ಗುಣಿಸಿದರೆ 6, ಕೂಡಿದರೆ 5 ಬರುವ ಎರಡು ಸಂಖ್ಯೆ ಹುಡುಕು ಎನ್ನುವುದು ಎಲ್ಲರೂ ಹೇಳಿಕೊಡುವ ನಿಯಮ. ಯಾಕೆ ಹಾಗೆ ಎಂದು ತೋರಿಸಲು ಹಳೆಯ ಮದುವೆ ಪತ್ರಿಕೆಗಳಷ್ಟು ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. ಗಟ್ಟಿ ರಟ್ಟು, ಪ್ರತಿ ಮನೆಯಲ್ಲೂ ರಾಶಿ ಬಿದ್ದಿರುತ್ತದೆ. 7 ಸೆಂ.ಮೀ. ಬದಿಯ ಒಂದು ದೊಡ್ಡ ಚೌಕ, 7 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಐದು ಪಟ್ಟಿ, 2 ಸೆಂ.ಮೀ. ಬದಿಯ ಆರು ಪುಟ್ಟ ಚೌಕ. ಪುಟ್ಟ ಚೌಕದ ಬದಿಯನ್ನು 1 ಎಂದು, ದೊಡ್ಡದರ ಬದಿಯನ್ನು ಯ ಎಂದು ಇಟ್ಟುಕೊಳ್ಳಿ. ದೊಡ್ಡ ಚೌಕ ಯ², ಪಟ್ಟಿ ಯ, ಪುಟ್ಟದ್ದು 1. ಅಳತೆ 7 ಮತ್ತು 2 ಇರುವುದಕ್ಕೂ ಕಾರಣವಿದೆ. 8 ಮತ್ತು 2 ಇಟ್ಟರೆ ದೊಡ್ಡ ಬದಿಗೆ ನಾಲ್ಕು ಪುಟ್ಟ ಚೌಕ ಸರಿಯಾಗಿ ಕೂತು, ಮಕ್ಕಳು ಯ ಎಂದರೆ 4 ಎಂದು ನಂಬಿಬಿಡುತ್ತಾರೆ.

ಈಗ ಇಷ್ಟೂ ತುಂಡುಗಳನ್ನು ಸೇರಿಸಿ, ಸಂದು ಬಿಡದೆ, ಒಂದು ಆಯತ ಮಾಡಬೇಕು. ಮೊದಲು ಹೆಚ್ಚಿನವರು ಬಲಗಡೆ ನಾಲ್ಕು ಪಟ್ಟಿ, ಕೆಳಗಡೆ ಒಂದು ಪಟ್ಟಿ ಇಡುತ್ತಾರೆ. ಮೂಲೆಯಲ್ಲಿ ನಾಲ್ಕು ಪುಟ್ಟ ಚೌಕಕ್ಕೆ ಜಾಗ, ಕೈಯಲ್ಲಿರುವುದು ಆರು. ಎರಡು ಉಳಿದವು. ಪಟ್ಟಿ ಬದಲಿಸಿ ಬಲಕ್ಕೆ ಮೂರು, ಕೆಳಕ್ಕೆ ಎರಡು ಇಟ್ಟರೆ ಮೂಲೆಯಲ್ಲಿ ಮೂರೆರಡಲಿ ಆರು, ಎಲ್ಲ ಕೂತವು. ಉದ್ದ ಯ + 3, ಅಗಲ ಯ + 2. ಪಟ್ಟಿಗಳನ್ನು ಎರಡು ಪಾಲು ಮಾಡಿದ್ದೇ ಮಧ್ಯಪದವನ್ನು ಒಡೆಯುವುದು. ಮೂಲೆ ತುಂಬಿದ್ದೇ ಗುಣಲಬ್ಧ 6. ನಿಯಮವನ್ನು ಬೋರ್ಡಿನ ಮೇಲೆ ಬರೆಯುವ ಮೊದಲೇ ಅದು ಬೆಂಚಿನ ಮೇಲೆ ಇರುತ್ತದೆ. ಅದಾದ ಮೇಲೆ ಪುಟ್ಟ ಚೌಕ ಒಂದನ್ನು ಕಿತ್ತುಕೊಂಡು ಯ² + 5ಯ + 5 ಮಾಡಿಕೊಡಿ. ನಾಲ್ಕು-ಒಂದು ಇಟ್ಟರೆ ಒಂದು ಹೆಚ್ಚು, ಮೂರು-ಎರಡು ಇಟ್ಟರೆ ಒಂದು ಕಡಿಮೆ. ಆಯತ ಆಗುವುದೇ ಇಲ್ಲ. ಪೂರ್ಣಾಂಕಗಳಲ್ಲಿ ಇದನ್ನು ಅಪವರ್ತಿಸಲಾಗದು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಯ²ದ ಹಿಂದೆ ಸಹಗುಣಕ, ಅಂದರೆ ಅದನ್ನು ಗುಣಿಸುವ ಸಂಖ್ಯೆ, ಬಂದ ಕೂಡಲೇ ಮಕ್ಕಳಿಗೆ ಗಾಬರಿ. 6ಯ² + 7ಯ + 2ರಲ್ಲಿ ಮೊದಲ 6, ಕೊನೆಯ 2 ಗುಣಿಸಿ 12 ಮಾಡು, ಗುಣಲಬ್ಧ 12, ಮೊತ್ತ 7 ಬರುವ ಹಾಗೆ 3 ಮತ್ತು 4 ಆಯ್ದುಕೋ ಎನ್ನುತ್ತೇವೆ. ಮೊದಲನೆಯದನ್ನೂ ಕೊನೆಯದನ್ನೂ ಯಾಕೆ ಗುಣಿಸಬೇಕು? ಮನೆಪಾಠದಲ್ಲಿ ಈ ಪ್ರಶ್ನೆ ಕೇಳಿದವರಿಗೆ "ಅದು ಹಂಗೇ, ಬರ್ಕೋ" ಎಂಬ ಉತ್ತರ ಸಿಕ್ಕಿರುತ್ತದೆ. ಉತ್ತರದಿಂದ ಹಿಂದಕ್ಕೆ ಬನ್ನಿ. (2ಯ + 1)(3ಯ + 2) ಗುಣಿಸಿದರೆ 6ಯ², 4ಯ, 3ಯ, 2. ಮೊದಲ 6 ಬಂದದ್ದು 2 × 3ರಿಂದ, ಕೊನೆಯ 2 ಬಂದದ್ದು 1 × 2ರಿಂದ. ನಡುವಿನ 4 ಬಂದದ್ದು 2 × 2ರಿಂದ, 3 ಬಂದದ್ದು 1 × 3ರಿಂದ. ಹೊರಗಿನ ಎರಡನ್ನು ಗುಣಿಸಿದರೂ, ನಡುವಿನ ಎರಡನ್ನು ಗುಣಿಸಿದರೂ ಒಳಗಿರುವುದು ಅದೇ ನಾಲ್ಕು ಸಂಖ್ಯೆ: 2, 3, 1, 2. ಎರಡೂ 12 ಆಗಲೇಬೇಕು. ಇಷ್ಟು ಹೇಳಲು ಐದು ನಿಮಿಷ ಸಾಕು, ಅದಕ್ಕೂ ಪುರುಸೊತ್ತಿಲ್ಲದ ಹಾಗೆ ಪಾಠ ಓಡಿಸುವುದು ನನಗೆ ಒಪ್ಪಿಗೆಯಿಲ್ಲ.

ಋಣ ಚಿಹ್ನೆಯ ಕಾಟ ಬೇರೆಯೇ ಇದೆ. ಯ² − 2ಯ − 3ಯ + 6ರಲ್ಲಿ −3 ಹೊರಗೆ ಬಂದರೆ ಒಳಗಿನ + 6ಕ್ಕೆ −2 ಆಗಬೇಕು. ಮಕ್ಕಳು + 2 ಎಂದೇ ಬಿಡುತ್ತಾರೆ. ಆಮೇಲೆ ಎರಡು ಆವರಣ ಹೊಂದುವುದಿಲ್ಲ, ಲೆಕ್ಕವೇ ತಪ್ಪು ಎಂದು ಹೊಡೆದುಹಾಕುತ್ತಾರೆ. ಹೊಂದದಿದ್ದರೆ ಮೊದಲು ಚಿಹ್ನೆ ನೋಡಿ ಎಂದು ಹೇಳಿದರೆ ಮುಗಿಯಿತು.

ಉತ್ತರ ತಾಳೆ ನೋಡಲು ಯ = 10 ಬಹಳ ಅನುಕೂಲ. ಯ² + 5ಯ + 6 ಆಗ 156. 13 × 12 ಕೂಡ 156. 6ಯ² + 7ಯ + 2 ಆಗ 672. 21 × 32 ಕೂಡ ಅಷ್ಟೇ. ಸಹಗುಣಕಗಳು ನೂರು, ಹತ್ತು, ಬಿಡಿ ಸ್ಥಾನಗಳಲ್ಲಿ ತಾವೇ ಕೂರುತ್ತವೆ. ತಾಳೆ ಬೀಳದಿದ್ದರೆ ಉತ್ತರ ಖಂಡಿತ ತಪ್ಪು. ತಾಳೆ ಬಿದ್ದ ಮಾತ್ರಕ್ಕೆ ಖಂಡಿತ ಸರಿ ಎನ್ನಲಾಗದು, ಆದರೂ ಪರೀಕ್ಷೆಯ ಹೊತ್ತಿನಲ್ಲಿ ಅಷ್ಟು ಧೈರ್ಯ ಸಾಕು. ಸೊನ್ನೆ ಹಾಕಿ ನೋಡುವ ಸೋಮಾರಿಗಳಿದ್ದಾರೆ. (ಯ + 1)(ಯ + 6) ಎಂದು ತಪ್ಪು ಬರೆದರೂ ಸೊನ್ನೆಗೆ 6 ಬಂದು ಸರಿ ಎಂದೇ ಕಾಣುತ್ತದೆ. ಯ² + 9 ಅನ್ನು (ಯ + 3)² ಎಂದು ಬರೆಯುವ ಹಳೆಯ ಚಾಳಿಗೂ ಇದೇ ಮದ್ದು: ಒಂದು ಕಡೆ 109, ಇನ್ನೊಂದು ಕಡೆ 169.

ವರ್ಗಗಳ ವ್ಯತ್ಯಾಸ ಮಕ್ಕಳಿಗೆ ಇಷ್ಟದ ಭಾಗ, ಅದಕ್ಕೆ ಹೆಚ್ಚು ಹೇಳಬೇಕಿಲ್ಲ. 9991 ಅವಿಭಾಜ್ಯವೇ ಎಂದು ಕೇಳಿ ಸುಮ್ಮನಿರುತ್ತೇನೆ. 3, 7, 11, 13 ಎಂದು ಭಾಗಿಸಿ ಸುಸ್ತಾದ ಮೇಲೆ ಯಾರೋ ಒಬ್ಬರಿಗೆ ಅದು 10000 − 9 ಎಂದು ಹೊಳೆಯುತ್ತದೆ. 100² − 3², ಅಂದರೆ (100 + 3)(100 − 3), 103 × 97.

ಹತ್ತನೇ ತರಗತಿಯಲ್ಲಿ ಇದೆಲ್ಲ ಕೆಲಸಕ್ಕೆ ಬರುವುದು ಸೊನ್ನೆಯ ಒಂದು ಗುಣದಿಂದ. ಎರಡು ಸಂಖ್ಯೆ ಗುಣಿಸಿ ಸೊನ್ನೆ ಬಂದರೆ ಅವುಗಳಲ್ಲಿ ಒಂದಾದರೂ ಸೊನ್ನೆಯೇ. (ಯ − 2)(ಯ − 3) = 0 ಆದರೆ ಯ 2 ಅಥವಾ 3. ಇದನ್ನೇ ಬೇರೆ ಸಂಖ್ಯೆಗೂ ಎಳೆದು, (ಯ − 2)(ಯ − 3) = 2 ಇದ್ದಾಗ ಯ − 2 = 2, ಯ − 3 = 2 ಎಂದು ಬರೆದು 4, 5 ಎಂಬ ಉತ್ತರ ಕೊಡುತ್ತಾರೆ. ಈ ಲೆಕ್ಕದಲ್ಲಿ ಒಂದು ಕುತ್ತು: 4 ಆಕಸ್ಮಿಕವಾಗಿ ಸರಿಯೇ ಇದೆ! 5 ಹಾಕಿದರೆ 3 × 2, ಅಂದರೆ 6 ಬರುತ್ತದೆ. ಎಲ್ಲವನ್ನೂ ಒಂದೇ ಕಡೆ ತಂದರೆ ಯ² − 5ಯ + 4 = 0; ನಿಜವಾದ ಮೂಲಗಳು 1 ಮತ್ತು 4. ಅರ್ಧ ಸರಿ ಬಂದ ತಪ್ಪು ದಾರಿಯನ್ನು ಬಿಡಿಸುವುದು, ಪೂರ್ತಿ ತಪ್ಪಿದ್ದನ್ನು ಬಿಡಿಸುವುದಕ್ಕಿಂತ ಕಷ್ಟ.

ಅಭ್ಯಾಸದ ಲೆಕ್ಕಗಳ ಬಗ್ಗೆ ನನ್ನದೊಂದು ತಕರಾರಿದೆ. ಅಪವರ್ತಿಸಿ ಎಂದು ಕೊಟ್ಟ ಲೆಕ್ಕಗಳು ಹೆಚ್ಚುಕಡಿಮೆ ಎಲ್ಲವೂ ಅಪವರ್ತನಗೊಳ್ಳುತ್ತವೆ. ಹಾಗಾಗಿ ಮಕ್ಕಳು ಸಿಗಲೇಬೇಕು ಎಂದು ಹುಡುಕುತ್ತಾರೆ, ಸಿಗದಿದ್ದರೆ ತಮ್ಮದೇ ದಡ್ಡತನ ಎಂದುಕೊಳ್ಳುತ್ತಾರೆ. ನಾನು ಕೊಡುವ ಹಾಳೆಯಲ್ಲಿ ಆಗದವೂ ಬೆರೆತಿರುತ್ತವೆ, ಯಾಕೆ ಆಗದು ಎಂದು ಬರೆದವರಿಗೂ ಪೂರ್ತಿ ಅಂಕ. ಒಂಬತ್ತನೇ ತರಗತಿಯವರಿಗೆ ಶನಿವಾರ ಒಂದು ಲೆಕ್ಕ ಕೊಟ್ಟು ಕಳಿಸುತ್ತೇನೆ: ಯ² + 5ಯ ಆದ ಮೇಲೆ ಕೊನೆಗೆ ಯಾವ ಯಾವ ಪೂರ್ಣಾಂಕ ಇಟ್ಟರೆ ಅಪವರ್ತಿಸಬಹುದು? ಧನ ಸಂಖ್ಯೆಗಳಲ್ಲಿ 4 ಮತ್ತು 6 ಎರಡೇ, ರಟ್ಟಿನ ಪಟ್ಟಿ ಆಡಿದವರಿಗೆ ಅದು ಗೊತ್ತು. ಋಣಕ್ಕೆ ಹೋದರೆ −6 ಆಗುತ್ತದೆ, −14 ಆಗುತ್ತದೆ, −24, −36 ಕೂಡ. ಸೋಮವಾರ ಕೆಲವರು ಸಂಖ್ಯೆಗಳ ಉದ್ದ ಪಟ್ಟಿ ಹಿಡಿದು ಬರುತ್ತಾರೆ. ಇದು ಎಲ್ಲಿಗೆ ಮುಗಿಯುತ್ತದೆ ಎಂದು ಅವರು ನನ್ನನ್ನು ಕೇಳಿದರೆ, ಮುಂದಿನ ಸಂಖ್ಯೆ ಯಾವುದು, ಅದು ಹೇಗೆ ಬಂತು ಎಂದು ನಾನು ಅವರನ್ನೇ ಕೇಳುತ್ತೇನೆ.