ಪದೇ ಪದೇ ಹುಡುಕಿದರೆ ವಿಮಾನದ ಟಿಕೆಟ್ ರೇಟ್ ಏರುತ್ತಾ?

ಪ್ರಶ್ನೆ: ಬೆಳಿಗ್ಗೆ ಮೊಬೈಲಿನಲ್ಲಿ ಒಂದು ವಿಮಾನದ ಟಿಕೆಟ್ ನೋಡಿಟ್ಟಿದ್ದೆ. ಸಂಜೆ ಮನೆಯವರ ಜೊತೆ ಮಾತಾಡಿ ಬುಕ್ ಮಾಡೋಣ ಅಂತ ತೆರೆದರೆ ರೇಟ್ ಜಾಸ್ತಿಯಾಗಿತ್ತು. ನಾನು ಹುಡುಕಿದ್ದು ಗೊತ್ತಾಗಿ ಏರಿಸಿದರಾ? ಇನ್‌ಕಾಗ್ನಿಟೋದಲ್ಲಿ (ಬ್ರೌಸರಿನ ಗುಪ್ತ ಕಿಟಕಿಯಲ್ಲಿ) ನೋಡಿದರೆ ಕಡಿಮೆಗೆ ಸಿಗುತ್ತಾ?

ಉತ್ತರ: ಏರಿದ್ದು ನಿಜ. ಆದರೆ ನಿಮ್ಮನ್ನು ಗುರುತಿಟ್ಟು ಏರಿಸಿದರು ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಕಾರಣ ಬೇರೆ ಕಡೆ ಇದೆ.

ನಾವು ಎಕಾನಮಿ ಅಂತ ಒಂದೇ ಹೆಸರಿನಲ್ಲಿ ಕರೆಯುವ ಸೀಟುಗಳನ್ನು ವಿಮಾನ ಕಂಪನಿಗಳು ಒಳಗೊಳಗೇ ಹಲವು ದರದ ಗುಂಪುಗಳಾಗಿ ಹಂಚಿರುತ್ತವೆ. ಒಂದೊಂದು ಗುಂಪಿಗೂ ಒಂದೊಂದು ಇಂಗ್ಲಿಷ್ ಅಕ್ಷರ: ವೈ, ಬಿ, ಎಂ, ಕ್ಯೂ, ಹೀಗೆ. ಹಳೆಯ ಇ-ಟಿಕೆಟ್ ಇದ್ದರೆ ತೆಗೆದು ನೋಡಿ. ಹೆಚ್ಚಿನವುಗಳಲ್ಲಿ 'ಕ್ಲಾಸ್' ಅನ್ನುವ ಕಡೆ ಒಂಟಿ ಅಕ್ಷರ ಇರುತ್ತದೆ. ಅದೇ ಇದು. ಸೀಟಿನ ಅಗಲ ಅದೇ, ಹೊರಡುವ ಹೊತ್ತೂ ಅದೇ. ಪಕ್ಕದಲ್ಲಿ ಕೂತವರು ಕೊಟ್ಟ ದುಡ್ಡು, ಕ್ಯಾನ್ಸಲ್ ಮಾಡಿದರೆ ವಾಪಸ್ ಸಿಗುವ ದುಡ್ಡು ಮಾತ್ರ ಬೇರೆ.

ಅಗ್ಗದ ಗುಂಪು ಖಾಲಿಯಾದ ಕೂಡಲೇ ಮುಂದಿನ ಗುಂಪಿನ ದರ ಕಾಣಿಸುತ್ತದೆ. ಬೆಳಿಗ್ಗೆಯಿಂದ ಸಂಜೆಯೊಳಗೆ ಯಾರೋ ಇಬ್ಬರು ಬುಕ್ ಮಾಡಿದ್ದರೂ ಸಾಕು. ಬೇಡಿಕೆ ನೋಡಿಕೊಂಡು ಯಾವ ಗುಂಪಿಗೆ ಎಷ್ಟು ಸೀಟು ಎಂಬುದನ್ನೂ ಕಂಪನಿ ಆಗಾಗ ಬದಲಿಸುತ್ತಿರುತ್ತದೆ. ಹಾಗಾಗಿ ಏರಿದ ರೇಟ್ ಒಮ್ಮೊಮ್ಮೆ ಇಳಿಯುವುದೂ ಉಂಟು. ಇಳಿದಾಗ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ?

ಇನ್ನೊಂದು ಕಿರಿಕಿರಿ ಇದೆ. ಹತ್ತಾರು ಕಂಪನಿಗಳ ದರ ಒಟ್ಟಿಗೆ ತೋರಿಸುವ ಸೈಟುಗಳಲ್ಲಿ ಕಾಣುವುದು ಎಷ್ಟೋ ಸಲ ಸ್ವಲ್ಪ ಹೊತ್ತಿನ ಹಿಂದಿನ ದರ. ಅದನ್ನು ಒತ್ತಿ ಮುಂದೆ ಹೋದಾಗಲೇ ಈಗಿನ ದರ ಬರುತ್ತದೆ. ನಮ್ಮ ಕಣ್ಣೆದುರೇ ಏರಿಸಿದಂತೆ ಅನ್ನಿಸುವುದು ಇದರಿಂದಲೇ.

ಇನ್‌ಕಾಗ್ನಿಟೋ ಮಾಡುವುದು ಇಷ್ಟೇ: ಹಳೆಯ ಕುಕೀಗಳನ್ನು, ಅಂದರೆ ಸೈಟುಗಳು ನಿಮ್ಮನ್ನು ಗುರುತಿಸಲು ಫೋನಿನಲ್ಲಿ ಇಟ್ಟ ಪುಟ್ಟ ಕಡತಗಳನ್ನು, ಬಳಸುವುದಿಲ್ಲ, ಕಿಟಕಿ ಮುಚ್ಚಿದ ಮೇಲೆ ನಿಮ್ಮ ಫೋನಿನಲ್ಲಿ ಜಾಡು ಉಳಿಸುವುದಿಲ್ಲ. ನಿಮ್ಮ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಆ ಸೈಟಿಗೆ ಆಗಲೂ ಕಾಣುತ್ತದೆ. ಒಳಗೆ ಹೋಗಿ ಲಾಗಿನ್ ಆದರಂತೂ ಮುಗಿದೇ ಹೋಯಿತು. ನೋಡಿದರೆ ನಷ್ಟವೇನೂ ಇಲ್ಲ, ಸಮಾಧಾನಕ್ಕೆ ಒಮ್ಮೆ ನೋಡಿ. ಆದರೆ ಹೋಟೆಲ್ ಬುಕ್ ಮಾಡುವಾಗ ಇದೇ ಉಪಾಯ ತಿರುಗುಬಾಣ ಆಗಬಹುದು. ಸದಸ್ಯರಿಗೆ, ಆ್ಯಪ್ ಬಳಸುವವರಿಗೆ ಅಂತಲೇ ಹಲವು ಸೈಟುಗಳು ರಿಯಾಯಿತಿ ಇಟ್ಟಿರುತ್ತವೆ. ಬುಕಿಂಗ್ ಡಾಟ್ ಕಾಮ್‌ನ 'ಜೀನಿಯಸ್' ಅಂಥದ್ದೇ. ಲಾಗಿನ್ ಆಗದೆ ನೋಡಿದರೆ ಆ ದರ ಸಿಗುವುದಿಲ್ಲ.

ಹಾಗಂತ ಸೈಟುಗಳು ನಮ್ಮನ್ನು ಗಮನಿಸುವುದೇ ಇಲ್ಲ ಅಂತಲ್ಲ. ಆರ್ಬಿಟ್ಜ್ ಎಂಬ ಪ್ರವಾಸದ ಸೈಟು ಮ್ಯಾಕ್ ಕಂಪ್ಯೂಟರ್ ಬಳಸುವವರಿಗೆ ದುಬಾರಿ ಹೋಟೆಲ್‌ಗಳನ್ನು ಮೇಲಕ್ಕೆ ತಂದು ತೋರಿಸುತ್ತಿದೆ ಎಂಬುದು 2012ರಲ್ಲಿ ಸುದ್ದಿಯಾಗಿತ್ತು. ಅದೇ ರೂಮಿಗೆ ಹೆಚ್ಚು ದುಡ್ಡು ಕೇಳಿರಲಿಲ್ಲ, ಪಟ್ಟಿಯ ಕ್ರಮ ಬದಲಿಸಿತ್ತು ಅಷ್ಟೇ. ನನಗೇನೋ ರೇಟ್ ಏರಿಸುವುದಕ್ಕಿಂತ ಇದೇ ಜಾಣತನದ ಕೆಲಸ ಅನ್ನಿಸುತ್ತದೆ, ಏಕೆಂದರೆ ನಾವು ಮೂರನೇ ಸಾಲು ದಾಟಿ ನೋಡುವುದೇ ಕಮ್ಮಿ. 'ಶಿಫಾರಸು' ಅಂತ ಇರುವುದನ್ನು 'ಕಡಿಮೆ ದರ ಮೊದಲು' ಎಂದು ಬದಲಿಸಿಕೊಂಡು ನೋಡಿ.

ನಿಜವಾಗಿ ದುಡ್ಡು ಉಳಿಸುವ ಉಪಾಯ ಈ ದರದ ಗುಂಪುಗಳಲ್ಲೇ ಇದೆ. ನೀವು 3 ಜನ ಹೊರಟಿದ್ದೀರಿ, ಅಗ್ಗದ ಗುಂಪಿನಲ್ಲಿ ಉಳಿದಿರುವುದು 2 ಸೀಟು ಎಂದುಕೊಳ್ಳಿ. 3 ಜನ ಅಂತ ಹಾಕಿ ಹುಡುಕಿದರೆ ಸಾಮಾನ್ಯವಾಗಿ ಆ ಎರಡನ್ನು ಅಗ್ಗಕ್ಕೆ ಕೊಟ್ಟು ಮೂರನೆಯದಕ್ಕೆ ಮಾತ್ರ ಜಾಸ್ತಿ ಹಾಕುವುದಿಲ್ಲ. ಮೂವರಿಗೂ ಮೇಲಿನ ಗುಂಪಿನ ದರವೇ ಬರುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ ಅಂತ ಹಾಕಿ ದರ ನೋಡಿ. ಆಮೇಲೆ ಇಬ್ಬರಿಗೆ, ಮೂವರಿಗೆ. ತಲಾ ದರ ಎಲ್ಲಿ ಹಾರುತ್ತದೋ ಅಲ್ಲಿ ಗುಂಪು ಮುಗಿದಿದೆ ಅಂತ ಲೆಕ್ಕ. ಇಬ್ಬರಿಗೆ ಒಂದು, ಒಬ್ಬರಿಗೆ ಒಂದು ಅಂತ ಎರಡು ಬುಕಿಂಗ್ ಮಾಡಿದರೆ ಇಬ್ಬರ ಟಿಕೆಟ್ ಆದರೂ ಅಗ್ಗಕ್ಕೆ ಸಿಗುತ್ತದೆ.

ಇದರಲ್ಲಿ ತೊಡಕೂ ಇದೆ. ವಿಮಾನ ರದ್ದಾದರೆ ಎರಡು ಪಿಎನ್‌ಆರ್‌ನವರನ್ನು ಬೇರೆ ಬೇರೆ ವಿಮಾನಕ್ಕೆ ಹಾಕಿಬಿಡಬಹುದು. ಪಕ್ಕಪಕ್ಕ ಸೀಟು ಸಿಗುವುದಕ್ಕೂ ಒದ್ದಾಡಬೇಕು. ಚಿಕ್ಕ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ ನಾನಂತೂ ಸ್ವಲ್ಪ ಹೆಚ್ಚು ಕೊಟ್ಟು ಒಂದೇ ಬುಕಿಂಗ್ ಮಾಡಿ ಅಂತ ಹೇಳುತ್ತೇನೆ.

ಅಂದ ಹಾಗೆ, 'ಈ ದರದಲ್ಲಿ 2 ಸೀಟು ಮಾತ್ರ' ಅಂತ ಕಂಡರೆ ವಿಮಾನವೇ ತುಂಬಿದೆ ಅಂತ ಗಾಬರಿ ಬೇಡ. ಅದು ಆ ಗುಂಪಿನ ಲೆಕ್ಕ. ಹಿಂದೆ ನೂರು ಸೀಟು ಖಾಲಿ ಇರಬಹುದು.

ದಿನಕ್ಕೆ ಹತ್ತು ಸಲ ಸುಮ್ನೆ ನೋಡುತ್ತಾ ತಲೆ ಕೆಡಿಸಿಕೊಳ್ಳುವ ಬದಲು ಗೂಗಲ್ ಫ್ಲೈಟ್ಸ್‌ನಲ್ಲಿ ಆ ದಾರಿಯ ದರಕ್ಕೆ ಅಲರ್ಟ್ ಹಾಕಿಡಿ. ಗಮನಾರ್ಹವಾಗಿ ಏರಿಳಿದರೆ ಮೇಲ್ ಬರುತ್ತದೆ. ಅಲ್ಲೇ ದಿನಾಂಕಗಳ ಚೌಕವೂ ಇದೆ. ಹೋಗುವ ದಿನ, ಬರುವ ದಿನ ಒಂದೆರಡು ಆಚೀಚೆ ಮಾಡಿದರೆ ಎಷ್ಟು ವ್ಯತ್ಯಾಸ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಮಂಗಳವಾರ ಬುಕ್ ಮಾಡಿದರೆ ಅಗ್ಗ ಅನ್ನುವ ಮಾತನ್ನು ಮರೆತುಬಿಡಿ. ದರ ಜಾಸ್ತಿ ಬದಲಾಗುವುದು ನೀವು ಹಾರುವ ದಿನದ ಮೇಲೆ.

ದುಡ್ಡು ಕಟ್ಟುವ ಮುಂಚೆ ಬ್ಯಾಗಿನ ಸಾಲು ಓದಿ. ಎಲ್ಲಕ್ಕಿಂತ ಅಗ್ಗದ ದರದಲ್ಲಿ ಎಷ್ಟೋ ಸಲ ಚೆಕ್-ಇನ್ ಲಗೇಜ್ ಸೇರಿರುವುದಿಲ್ಲ. ಬ್ಯಾಗು ಬೇಕೇ ಬೇಕು ಅಂತಿದ್ದರೆ ಆಗಲೇ ಸೇರಿಸಿಕೊಳ್ಳಿ. ಏರ್‌ಪೋರ್ಟ್ ಕೌಂಟರಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಹೆಚ್ಚು ತೆರಬೇಕಾಗುತ್ತದೆ.