ಜೋಡ್ ಮನೆಯವರನ್ನು ಊರು ಬಿಡಿಸಿದ್ದು ಧೂಳೊಂದೇನಾ?

ಪ್ರಶ್ನೆ: 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯ ಜೋಡ್ ಕುಟುಂಬ ಓಕ್ಲಹೋಮಾ ಬಿಟ್ಟು ಕ್ಯಾಲಿಫೋರ್ನಿಯಾಗೆ ಹೊರಟಿದ್ದು ಧೂಳಿನ ಬಿರುಗಾಳಿಯಿಂದ ತಾನೇ?

ಉತ್ತರ: ಧೂಳು, ಬರ ಎರಡೂ ನಿಜ. ಆದರೆ ಅಷ್ಟೇ ಅಂದುಕೊಂಡರೆ ಈ ಕಾದಂಬರಿ ಬರೆದ ಸ್ಟೈನ್‌ಬೆಕ್‌ಗೆ ಅಷ್ಟೊಂದು ಸಿಟ್ಟು ಯಾಕೆ ಅಂತ ಅರ್ಥ ಆಗೋದೇ ಇಲ್ಲ.

ಒಮ್ಮೆ ನಕ್ಷೆ ನೋಡಿ. 1935ರ ಏಪ್ರಿಲ್ 14ರಂದು, ಅಂದರೆ 'ಕಪ್ಪು ಭಾನುವಾರ'ದಂದು, ಹಗಲನ್ನೇ ಕತ್ತಲು ಮಾಡಿದ ಆ ಧೂಳು ಎದ್ದಿದ್ದು ಓಕ್ಲಹೋಮಾದ ಪಶ್ಚಿಮ ತುದಿ, ಅದರ ಪಕ್ಕದ ಟೆಕ್ಸಸ್, ಕಾನ್ಸಾಸ್ ಕಡೆ. ಜೋಡ್‌ಗಳ ಊರು ಸ್ಯಾಲಿಸಾ ಇರೋದು ಪೂರ್ವದ ತುದಿಯಲ್ಲಿ, ಅರ್ಕನ್ಸಾ ಗಡಿ ಹತ್ತಿರ. ನಡುವೆ ನೂರಾರು ಮೈಲಿ!

ಹಾಗಾದರೆ ಅಲ್ಲಿನವರನ್ನು ಎಬ್ಬಿಸಿದ್ದು ಯಾರು? ಆಗ ಓಕ್ಲಹೋಮಾದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಲಗಳನ್ನು ಉಳುತ್ತಿದ್ದವರು ಗೇಣಿದಾರರು, ಬೆಳೆಯಲ್ಲಿ ಪಾಲು ಕೊಟ್ಟು ಬದುಕುವವರು. ಹತ್ತಿಗೆ ಬೆಲೆಯೇ ಇರಲಿಲ್ಲ. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ ಅಂತ ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಕಾನೂನು ತಂದು, ಹತ್ತಿ ಬೆಳೆಯದೆ ಜಮೀನು ಖಾಲಿ ಬಿಟ್ಟರೆ ದುಡ್ಡು ಕೊಡಲು ಶುರು ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ದುಡ್ಡು ಹೋಗಿದ್ದು ಮಾಲೀಕರ ಕೈಗೆ. ಗೇಣಿದಾರರಿಗೂ ಪಾಲು ಕೊಡಬೇಕು ಅನ್ನೋ ನಿಯಮವನ್ನು ಎಷ್ಟೋ ಜನ ಗಾಳಿಗೆ ತೂರಿದರು, ಕೆಲವರು ಅದೇ ದುಡ್ಡಲ್ಲಿ ಟ್ರ್ಯಾಕ್ಟರ್ ಕೊಂಡು ಗೇಣಿದಾರರನ್ನು ಒಕ್ಕಲೆಬ್ಬಿಸಿದರು. ಸಾಲಕ್ಕೆ ಹೊಲ ಹಿಡಿದ ಬ್ಯಾಂಕುಗಳದ್ದೂ ಅದೇ ದಾರಿ. ಕಾದಂಬರಿಯಲ್ಲಿ ಟ್ರ್ಯಾಕ್ಟರ್ ಓಡಿಸುವವನ ಎದುರು ನಿಂತ ಗೇಣಿದಾರನಿಗೆ ಯಾರಿಗೆ ಗುಂಡು ಹೊಡೆಯಬೇಕು ಅಂತಲೇ ತಿಳಿಯದ ಭಾಗ ಇದೆಯಲ್ಲ, ಅದು ಸುಮ್ನೆ ಕಟ್ಟಿದ ಕಥೆಯಲ್ಲ.

ಕ್ಯಾಲಿಫೋರ್ನಿಯಾದಲ್ಲೂ ಅನ್ಯಾಯಕ್ಕೆ ಕೊನೆ ಇರಲಿಲ್ಲ. ಆ ದಶಕದಲ್ಲಿ ಓಕ್ಲಹೋಮಾ ಮತ್ತು ಅಕ್ಕಪಕ್ಕದ ರಾಜ್ಯಗಳಿಂದ ಅಲ್ಲಿಗೆ ಹೋದವರು ಸುಮಾರು 3 ಲಕ್ಷ. ಒಂದು ಕೆಲಸಕ್ಕೆ ಹತ್ತು ಕೈ ಚಾಚಿದರೆ ಕೂಲಿ ಇಳಿಯದೆ ಇರುತ್ತಾ? ದೊಡ್ಡ ತೋಟದವರಿಗೆ ಬೇಕಿದ್ದೂ ಅದೇ. ಇತ್ತ 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಜ್ಯದ ಗಡಿಗೇ ಹೋಗಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ವಾಪಸ್ ಕಳಿಸಿದರು. ತಮ್ಮದೇ ದೇಶದ ಜನರನ್ನು!

ಅದೇ ವರ್ಷ ಸ್ಟೈನ್‌ಬೆಕ್ ಒಂದು ಪತ್ರಿಕೆಗೆ ವರದಿ ಬರೆಯಲು ಈ ಕೂಲಿಕಾರರ ಬಿಡಾರಗಳನ್ನು ಸುತ್ತಿದರು. ಆರ್ವಿನ್ ಹತ್ತಿರದ ಸರ್ಕಾರಿ ಶಿಬಿರ ನಡೆಸುತ್ತಿದ್ದ ಟಾಮ್ ಕಾಲಿನ್ಸ್ ತಮ್ಮ ವರದಿಗಳನ್ನೆಲ್ಲ ಅವರಿಗೆ ಕೊಟ್ಟರು. 1939ರಲ್ಲಿ ಬಂದ ಪುಸ್ತಕದ ಅರ್ಪಣೆಯಲ್ಲಿರುವ ಟಾಮ್ ಇವರೇ. ಆ ಶಿಬಿರ ಇದ್ದ ಕರ್ನ್ ಕೌಂಟಿಯ ಆಡಳಿತ ಅದೇ ವರ್ಷ ಆಗಸ್ಟ್‌ನಲ್ಲಿ ಪುಸ್ತಕವನ್ನು ತನ್ನ ಗ್ರಂಥಾಲಯ, ಶಾಲೆಗಳಿಂದ ನಿಷೇಧಿಸಿತು.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ ಅನಿಸುತ್ತದೆ. 1935ರಲ್ಲಿ ಅಮೆರಿಕದ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿಗೆ ರಕ್ಷಣೆ ಕೊಟ್ಟ ಕಾನೂನು ಹೊಲದ ಕೂಲಿಗಳನ್ನು ಹೊರಗಿಟ್ಟಿತು. ಜೋಡ್ ಮನೆಯವರ ಜೊತೆ ಹೊರಟ ಮಾಜಿ ಪಾದ್ರಿ ಜಿಮ್ ಕೇಸಿ ಮುಷ್ಕರಕ್ಕೆ ಇಳಿಯುವ ಅಧ್ಯಾಯವನ್ನು ಇದು ಗೊತ್ತಿದ್ದು ಓದಿ.