‘ಎಂವಿಸಿ ಹಾಕೋದು’ ಅಂದರೆ ಏನು?

ರಸ್ತೆ ಅಪಘಾತದಲ್ಲಿ ಯಾರಾದರೂ ತೀರಿಕೊಂಡ ಮನೆ. ತಿಥಿ ಮುಗಿಯುವ ಮುಂಚೆಯೇ ಯಾರೋ ಒಬ್ಬರು ಜಗಲಿ ಮೇಲೆ ಕೂತು ಮೆಲ್ಲಗೆ ಕೇಳಿರುತ್ತಾರೆ: ‘ಎಂವಿಸಿ ಹಾಕಿಸಿದ್ರಾ?’ ಮನೆಯವರಿಗೆ ಆ ಮೂರಕ್ಷರ ಹೊಸದು. ಕೆಲವರು ಅದನ್ನು ಪೊಲೀಸ್ ಕೇಸು ಅಂದುಕೊಳ್ಳುತ್ತಾರೆ. ಕೆಲವರಿಗೆ ಎಲ್‌ಐಸಿ ತರಹದ್ದೇನೋ ಅನ್ನಿಸುತ್ತದೆ. ಇನ್ನು ಕೆಲವರು, ಅದರಲ್ಲೂ ವಯಸ್ಸಾದ ತಂದೆ ತಾಯಿ, ‘ಮಗನ ಹೆಣ ತೋರಿಸಿ ದುಡ್ಡು ಕೇಳೋದಾ’ ಎಂದು ಮುಖ ತಿರುಗಿಸುತ್ತಾರೆ.

ಮೋಟಾರು ವಾಹನದ ಅಪಘಾತಕ್ಕೆ ಪರಿಹಾರ ಕೇಳಿ ಹಾಕುವ ಅರ್ಜಿಗೆ ಕರ್ನಾಟಕದ ಕೋರ್ಟುಗಳಲ್ಲಿ ಒಂದು ನಂಬರು ಬೀಳುತ್ತದೆ. ಆ ನಂಬರಿನ ಮುಂದೆ ಇರುವುದೇ ಈ ಎಂವಿಸಿ, ಅಂದರೆ ಮೋಟಾರ್ ವೆಹಿಕಲ್ ಕೇಸ್. ಜನರ ಬಾಯಲ್ಲಿ ಅದು ‘ಕ್ಲೇಮ್ ಕೇಸು’, ‘ಇನ್ಶೂರೆನ್ಸ್ ಕೇಸು’ ಅಂತಲೂ ಆಗುತ್ತದೆ. ಇದರ ಬೇರು 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂನಲ್ಲಿದೆ. ವಿಚಾರಣೆ ನಡೆಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಹೆಸರು ದೊಡ್ಡದು, ಆದರೆ ಬಹಳ ಕಡೆ ಅದಕ್ಕೆ ಬೇರೆ ಕಟ್ಟಡವೇ ಇರುವುದಿಲ್ಲ. ನಮ್ಮ ಊರಿನ ಸಿವಿಲ್ ಜಡ್ಜ್ ಸಾಹೇಬರೇ ನ್ಯಾಯಮಂಡಳಿಯಾಗಿ ಕೂರುತ್ತಾರೆ. ಬೆಂಗಳೂರಿನಲ್ಲಿ ಈ ಕೆಲಸ ಲಘು ವ್ಯವಹಾರಗಳ ನ್ಯಾಯಾಲಯದ್ದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಒಂದು ಸಾವಿನಿಂದ ಎರಡು ಕೇಸು ಹುಟ್ಟುತ್ತವೆ.

ಒಂದು ಪೊಲೀಸ್ ಕೇಸು. ಅಪಘಾತವಾದ ಜಾಗದ ಠಾಣೆಯಲ್ಲಿ ಎಫ್‌ಐಆರ್ ಆಗುತ್ತದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಹಾಕುತ್ತಾರೆ. 2024ರ ಜುಲೈ 1ಕ್ಕೆ ಮುಂಚೆ ಇದೇ ತಪ್ಪಿಗೆ ಐಪಿಸಿ 304ಎ ಇತ್ತು. ಆಗ ಹೆಚ್ಚೆಂದರೆ ಎರಡು ವರ್ಷ ಜೈಲು, ಈಗ ಐದು ವರ್ಷದವರೆಗೆ. ಈ ಕೇಸು ನಡೆಸುವುದು ಸರ್ಕಾರ, ಮನೆಯವರು ಅಲ್ಲಿ ಸಾಕ್ಷಿ ಮಾತ್ರ. ಇನ್ನೊಂದು ಎಂವಿಸಿ. ಅದನ್ನು ಹಾಕುವವರು ಮನೆಯವರೇ. ಅಲ್ಲಿ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಆ ಮನೆಗೆ ಇನ್ನು ಮುಂದೆ ಬರಬೇಕಿದ್ದ ದುಡ್ಡು ಎಷ್ಟು, ಅದನ್ನು ಯಾರು ಕೊಡಬೇಕು, ಇಷ್ಟೇ ಪ್ರಶ್ನೆ.

ಹಾಗಾಗಿ ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಬಿಡುಗಡೆಯಾದರೆ ಎಂವಿಸಿ ತಾನಾಗಿ ಬಿದ್ದುಹೋಗುವುದಿಲ್ಲ. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ತಪ್ಪು ರುಜುವಾಗಬೇಕು. ಇಲ್ಲಿ ಹೀಗೇ ಆಗಿರುವ ಸಾಧ್ಯತೆ ಜಾಸ್ತಿ ಎಂದು ಕಂಡರೆ ಸಾಕು.

ಇನ್ನೂ ಒಂದಿದೆ. ಊರಿನ ಹಿರಿಯರು ಸೇರಿ ಬಾಂಡ್ ಪೇಪರ್ ಮೇಲೆ ಒಂದೆರಡು ಲಕ್ಷಕ್ಕೆ ‘ರಾಜಿ’ ಮಾಡಿಸುವುದುಂಟು. 106ರ ಕೇಸು ಹಾಗೆ ರಾಜಿಯಾಗುವ ಜಾತಿಯದ್ದಲ್ಲ. ಜಗಲಿ ಮೇಲಿನ ಕಾಗದಕ್ಕೆ ಅದು ಮುಗಿಯುವುದಿಲ್ಲ. ಆಮೇಲೆ ಎದುರಿನ ವಕೀಲರು ಅದೇ ಕಾಗದವನ್ನು ಎಂವಿಸಿಯಲ್ಲಿ ತೆಗೆದು ತೋರಿಸಬಹುದು. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು, ಆದರೂ ಆ ಗಡಿಬಿಡಿಯಲ್ಲಿ ಸಹಿ ಬೇಡ.

ಎಂವಿಸಿಯಲ್ಲಿ ಎದುರುದಾರರು ಸಾಮಾನ್ಯವಾಗಿ ವಾಹನದ ಮಾಲೀಕ ಮತ್ತು ಇನ್ಶೂರೆನ್ಸ್ ಕಂಪನಿ. ಡ್ರೈವರನ್ನೂ ಸೇರಿಸುವುದುಂಟು. ‘ಪಾಪ, ಬಡ ಡ್ರೈವರ್, ಅವನೆಲ್ಲಿಂದ ಕೊಟ್ಟಾನು’ ಎಂದು ಸುಮ್ಮನಾಗುವವರಿದ್ದಾರೆ. ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದು ಇದಕ್ಕೇ ಅಲ್ವಾ? ಸಾವಿನ ಕೇಸಿನಲ್ಲಿ ಆ ವಿಮೆಗೆ ಮೊತ್ತದ ಮಿತಿಯಿಲ್ಲ. ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟನ್ನೂ ಕಂಪನಿ ಕೊಡಬೇಕು. ಡ್ರೈವರ್ ಬಳಿ ಸರಿಯಾದ ಲೈಸೆನ್ಸ್ ಇಲ್ಲದ ಎಷ್ಟೋ ಕೇಸುಗಳಲ್ಲಿ ಕೋರ್ಟುಗಳು ‘ಮೊದಲು ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ’ ಎಂದಿವೆ. ವಿಮೆಯೇ ಇಲ್ಲದಿದ್ದರೆ ಹೊರೆ ಮಾಲೀಕನ ತಲೆ ಮೇಲೆ. ಆಗ ವಸೂಲಿ ನಿಜಕ್ಕೂ ಕಷ್ಟ.

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ಅಪಘಾತವಾಗಿ, ಮನೆಯವರು ಇರುವುದು ಮಂಡ್ಯದಲ್ಲಾದರೆ ಮಂಡ್ಯದಲ್ಲೇ ಹಾಕಬಹುದು. ಆದರೆ ಕಾಲಮಿತಿ ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಅದಕ್ಕೆ ಮುಂಚೆ ಸುಮಾರು 27 ವರ್ಷ ಯಾವ ಗಡುವೂ ಇರಲಿಲ್ಲ. ‘ಎಂವಿಸಿಗೆ ಟೈಮ್ ಲಿಮಿಟ್ ಇಲ್ಲ ಬಿಡಿ’ ಎಂಬ ಹಳೆಯ ಮಾತು ಬಂದಿರುವುದು ಅಲ್ಲಿಂದ. ಈ ಗಡುವು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆ. ಆದರೆ ಅದನ್ನು ನಂಬಿಕೊಂಡು ಕೂರುವುದು ಜಾಣತನವಲ್ಲ.

ಇನ್ನು ದುಡ್ಡಿನ ಲೆಕ್ಕ. ಎಲ್ಲರೂ ಕೇಳಬೇಕೆಂದಿದ್ದು, ಕೇಳಲು ಸಂಕೋಚಪಡುವುದು ಇದನ್ನೇ. 2009ರ ಸರಳಾ ವರ್ಮಾ ಕೇಸು, 2017ರ ಪ್ರಣಯ್ ಸೇಥಿ ಕೇಸು, ಸುಪ್ರೀಂ ಕೋರ್ಟಿನ ಈ ಎರಡು ತೀರ್ಪುಗಳ ಮೇಲೆ ಇಡೀ ಲೆಕ್ಕ ನಿಂತಿದೆ. ಒಂದು ಉದಾಹರಣೆ ಹಿಡಿಯೋಣ.

34 ವರ್ಷದ ಎಲೆಕ್ಟ್ರಿಷಿಯನ್. ಸ್ವಂತ ದುಡಿಮೆ, ತಿಂಗಳಿಗೆ 20,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಬದುಕಿದ್ದರೆ ಅವನ ಸಂಪಾದನೆ ಹೆಚ್ಚುತ್ತಿತ್ತು ಎಂದು ಕೋರ್ಟು ಒಪ್ಪುತ್ತದೆ. 40ಕ್ಕಿಂತ ಕಡಿಮೆ ವಯಸ್ಸಿನ ಸ್ವಂತ ದುಡಿಮೆಯವರಿಗೆ ಶೇಕಡಾ 40 ಸೇರಿಸುತ್ತಾರೆ. ಕಾಯಂ ನೌಕರಿಯಾದರೆ ಶೇಕಡಾ 50. ಇಲ್ಲಿಗೆ 28,000 ಆಯಿತು. ಅದರಲ್ಲಿ ಅವನು ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದುದನ್ನು ಕಳೆಯಬೇಕು. ನಾಲ್ಕರಿಂದ ಆರು ಜನ ಅವನನ್ನೇ ನಂಬಿಕೊಂಡಿದ್ದರೆ ಕಾಲು ಭಾಗ ಕಳೆಯುತ್ತಾರೆ. ಇಬ್ಬರು ಮೂವರಿದ್ದರೆ ಮೂರನೇ ಒಂದು ಭಾಗ, ಮದುವೆಯಾಗದವನಾದರೆ ಸಾಮಾನ್ಯವಾಗಿ ಅರ್ಧ. ಈ ಮನೆಗೆ ಉಳಿದದ್ದು ತಿಂಗಳಿಗೆ 21,000, ವರ್ಷಕ್ಕೆ 2,52,000. ಇದನ್ನು ಸತ್ತವರ ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ವಕೀಲರು ಅದನ್ನು ಮಲ್ಟಿಪ್ಲೈಯರ್ ಅನ್ನುತ್ತಾರೆ. 25ರವರೆಗೆ 18, ಆಮೇಲೆ ವಯಸ್ಸು ಏರಿದಂತೆ ಇಳಿಯುತ್ತಾ 65 ದಾಟಿದವರಿಗೆ 5. 31ರಿಂದ 35ರ ನಡುವಿನವರಿಗೆ 16. ಒಟ್ಟು 40,32,000 ರೂಪಾಯಿ.

ಇದರ ಮೇಲೆ ಅಂತ್ಯಕ್ರಿಯೆಗೆ 15,000, ಬದುಕಿದ್ದರೆ ಉಳಿಸಿ ಬಿಟ್ಟುಹೋಗುತ್ತಿದ್ದ ಆಸ್ತಿಯ ನಷ್ಟ ಎಂದು 15,000. ಒಡನಾಟ ಕಳೆದುಕೊಂಡದ್ದಕ್ಕೆ 40,000. ಇವು 2017ರಲ್ಲಿ ಹಾಕಿಕೊಟ್ಟ ಮೊತ್ತಗಳು, ಮೂರು ವರ್ಷಕ್ಕೊಮ್ಮೆ ಶೇಕಡಾ 10 ಏರಬೇಕು. ಒಡನಾಟದ ಹಣ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆ ತಾಯಿಗೂ ಬೇರೆ ಬೇರೆಯಾಗಿ ಸಿಗಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಜೀವದ ಬೆಲೆ ಎಂಬ ಸಾಲು ಇದರಲ್ಲಿ ಎಲ್ಲೂ ಇಲ್ಲ. ಅಪ್ಪನ ಒಡನಾಟಕ್ಕೆ ಸಿಗುವುದು ನಲವತ್ತು ಐವತ್ತು ಸಾವಿರ, ಅಷ್ಟೇ. ಉಳಿದದ್ದೆಲ್ಲ ಅವನು ತಿಂಗಳು ತಿಂಗಳು ಮನೆಗೆ ತರುತ್ತಿದ್ದ ದುಡ್ಡು. ರೇಷನ್ನು, ಫೀಸು, ಅಮ್ಮನ ಬಿಪಿ ಮಾತ್ರೆ. ಹೆಣ ತೋರಿಸಿ ದುಡ್ಡು ಕೇಳುವುದು ಎಂದು ಸಂಕಟಪಡುವ ಹಿರಿಯರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ.

ಆದಾಯದ ಕಾಗದ ಎಷ್ಟು ಮುಖ್ಯ ಎಂಬುದೂ ಇದರಲ್ಲೇ ಕಾಣುತ್ತದೆ. ಆ ಎಲೆಕ್ಟ್ರಿಷಿಯನ್ನಿನ ಆದಾಯಕ್ಕೆ ಪುರಾವೆ ಸಾಲದೆ ನ್ಯಾಯಮಂಡಳಿ 15,000 ಎಂದು ಹಿಡಿಯಿತು ಅನ್ನಿ. ಮೊತ್ತ 30,24,000ಕ್ಕೆ ಇಳಿಯುತ್ತದೆ. ತಿಂಗಳಿಗೆ ಐದು ಸಾವಿರದ ವ್ಯತ್ಯಾಸ ಕೊನೆಗೆ ಹತ್ತು ಲಕ್ಷವಾಯಿತು. ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಬಂದ ಹಣದ ವಿವರ, ಬಿಲ್ ಪುಸ್ತಕ, ಕೆಲಸ ಕೊಟ್ಟವರ ಪತ್ರ, ಏನಿದ್ದರೂ ಎಸೆಯಬೇಡಿ. ಏನೂ ಇಲ್ಲದಿದ್ದರೆ ಅಂದಾಜು ಆದಾಯ ಹಿಡಿಯುತ್ತಾರೆ. ಅದಕ್ಕೆ ಕರ್ನಾಟಕದಲ್ಲಿ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿಯೊಂದಿದೆ. ಮನೆಯಲ್ಲಿದ್ದ ಗೃಹಿಣಿ ತೀರಿಕೊಂಡರೂ ಹೀಗೆಯೇ. ‘ಅವರಿಗೆ ಸಂಬಳ ಇರಲಿಲ್ಲ, ಏನು ಸಿಗುತ್ತೆ’ ಎನ್ನುವುದು ತಪ್ಪು. ಮನೆಗೆಲಸಕ್ಕೂ ಆದಾಯ ಹಿಡಿಯಬೇಕು, ಭವಿಷ್ಯದ ಏರಿಕೆಯನ್ನೂ ಸೇರಿಸಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್‌ಐಸಿ ದುಡ್ಡು ಬಂದಿದೆ ಎಂದು ಪರಿಹಾರದಲ್ಲಿ ಕಳೆಯುವಂತೆಯೂ ಇಲ್ಲ.

ಕಳೆಯುವುದು ತಪ್ಪಿನ ಪಾಲನ್ನು. ಅಪಘಾತದಲ್ಲಿ ಸತ್ತವರ ತಪ್ಪೂ ಇತ್ತು ಎಂದು ಕಂಡರೆ ಅಷ್ಟು ಶೇಕಡಾ ಇಳಿಸುತ್ತಾರೆ. ಪೂರ್ತಿ ತಪ್ಪು ಅವರದ್ದೇ ಆದರೆ 166ರಲ್ಲಿ ಏನೂ ಸಿಗುವುದಿಲ್ಲ. ಆಗ ನೋಡಬೇಕಾದ್ದು ಅವರ ಸ್ವಂತ ಬೈಕಿನ ಪಾಲಿಸಿ. ಮಾಲೀಕನೇ ಓಡಿಸುತ್ತಿದ್ದು, ಲೈಸೆನ್ಸ್ ಸರಿಯಾಗಿದ್ದರೆ, ಪಾಲಿಸಿಯಲ್ಲಿ ವೈಯಕ್ತಿಕ ಅಪಘಾತ ವಿಮೆ ಇದ್ದರೆ 15 ಲಕ್ಷ ಬರುತ್ತದೆ. ಇದಕ್ಕೆ ಎಂವಿಸಿ ಬೇಡ, ಮೊದಲು ಕಂಪನಿಗೇ ಅರ್ಜಿ. ಎಷ್ಟೋ ಮನೆಗಳಲ್ಲಿ ಆ ಪಾಲಿಸಿ ಬೈಕಿನ ಸೀಟಿನ ಕೆಳಗೇ ಕೊಳೆಯುತ್ತಿರುತ್ತದೆ.

ಗುದ್ದಿದ ವಾಹನ ಸಿಗಲೇ ಇಲ್ಲ ಎಂದರೆ? ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ. 2022ಕ್ಕೆ ಮುಂಚೆ ಬರೀ 25,000 ಇತ್ತು. ಇದಕ್ಕೆ ಕೋರ್ಟು ಬೇಡ, ಕಂದಾಯ ಇಲಾಖೆಯ ಅಧಿಕಾರಿಗೆ ಅರ್ಜಿ ಕೊಡಬೇಕು. ಮುಂದೆ ವಾಹನ ಪತ್ತೆಯಾದರೆ ಎಂವಿಸಿ ಹಾಕಬಹುದು, ಈ 2 ಲಕ್ಷ ಅದರಲ್ಲಿ ಹೊಂದಾಣಿಕೆಯಾಗುತ್ತದೆ. ಕೆಲಸದ ಮೇಲಿದ್ದಾಗ ಸತ್ತ ಲಾರಿ ಡ್ರೈವರ್, ಕ್ಲೀನರ್ ಅಂಥವರ ಮನೆಯವರಿಗೆ 1923ರ ನೌಕರರ ಪರಿಹಾರ ಕಾಯ್ದೆಯ ದಾರಿಯೂ ಇದೆ. ಆದರೆ ಅದು ಅಥವಾ ಎಂವಿಸಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಎಚ್ಚರ ಬೇಕಾದ್ದು 164ನೇ ಕಲಂ ಬಗ್ಗೆ. ಯಾರ ತಪ್ಪು ಎಂದು ರುಜುವಾತು ಮಾಡದೆಯೇ ಸಾವಿಗೆ 5 ಲಕ್ಷ ಕೊಡುವ ಕಲಂ ಇದು. ಬೇಗ ಆಗುತ್ತದೆ. ತಪ್ಪು ಯಾರದ್ದೆಂದು ತೋರಿಸುವುದು ಕಷ್ಟವಾದ ಕಡೆ ಇದು ದೊಡ್ಡ ಆಸರೆ. ಆದರೆ ಈ 5 ಲಕ್ಷ ತೆಗೆದುಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿಯಿತು. ಮೇಲಿನ ಉದಾಹರಣೆಯಲ್ಲಿ 40 ಲಕ್ಷದ ಹಕ್ಕು ಬಿಟ್ಟು 5 ಲಕ್ಷಕ್ಕೆ ಸಹಿ ಹಾಕಿದಂತೆ.

ಕಾಗದಗಳ ಬಹುಪಾಲು ಪೊಲೀಸರ ಬಳಿಯೇ ಹುಟ್ಟುತ್ತದೆ: ಎಫ್‌ಐಆರ್, ಮಹಜರು, ಸ್ಕೆಚ್, ಮರಣೋತ್ತರ ಪರೀಕ್ಷೆಯ ವರದಿ, ಚಾರ್ಜ್‌ಶೀಟ್. 2022ರ ನಿಯಮದ ಪ್ರಕಾರ ಪೊಲೀಸರು 48 ಗಂಟೆಯಲ್ಲಿ ಮೊದಲ ವರದಿಯನ್ನು, 90 ದಿನದಲ್ಲಿ ಪೂರ್ತಿ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಕಳಿಸಿದ್ದಾರೆಯೇ ಎಂದು ನೀವೇ ಕೇಳುತ್ತಿರಿ. ಸುಮ್ನೆ ಇದ್ದರೆ ಫೈಲೂ ಸುಮ್ನೆ ಇರುತ್ತದೆ. ಮನೆಯವರು ಹೊಂದಿಸಬೇಕಾದ್ದು ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ವಯಸ್ಸಿನ ದಾಖಲೆ, ಆದಾಯದ ದಾಖಲೆ.

ಆಸ್ಪತ್ರೆಯ ಶವಾಗಾರದ ಮುಂದೆಯೇ ವಕಾಲತ್ತಿಗೆ ಸಹಿ ಕೇಳುವವರು ಸಿಗುತ್ತಾರೆ. ‘ಈಗ ಏನೂ ಕೊಡಬೇಡಿ, ಬಂದಾಗ ಇಷ್ಟು ಪರ್ಸೆಂಟ್’ ಎನ್ನುತ್ತಾರೆ. ಗೆದ್ದ ಹಣದಲ್ಲಿ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆಯೇ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋದರಾಯಿತು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.

ಕೇಸು ಮುಗಿಯುವ ದಾರಿ ಎರಡು. ಲೋಕ ಅದಾಲತ್‌ನಲ್ಲಿ ಕಂಪನಿಯೊಂದಿಗೆ ಒಪ್ಪಂದವಾದರೆ ದುಡ್ಡು ಬೇಗ ಬರುತ್ತದೆ, ಆದರೆ ಅದರ ಮೇಲೆ ಅಪೀಲು ಇಲ್ಲ. ಹೋಗುವ ಮುಂಚೆ ಮೇಲಿನ ಲೆಕ್ಕಕ್ಕೆ ನಿಮ್ಮ ಮನೆಯ ಅಂಕಿ ಹಾಕಿ ನೋಡಿಕೊಳ್ಳಿ. ವಿಚಾರಣೆ ನಡೆದು ಆದೇಶವಾದರೆ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರುತ್ತದೆ. ಮೊತ್ತ ಕಡಿಮೆಯಾಯಿತು ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಅಪೀಲು ಹಾಕಬಹುದು. ಧಾರವಾಡ, ಕಲಬುರಗಿಯಲ್ಲೂ ಪೀಠಗಳಿರುವುದರಿಂದ ಎಲ್ಲರೂ ಬೆಂಗಳೂರಿಗೆ ಅಲೆಯಬೇಕಿಲ್ಲ. ಬಂದ ಹಣವನ್ನು ನ್ಯಾಯಮಂಡಳಿಯೇ ಪಾಲು ಮಾಡುತ್ತದೆ. ಹೆಂಡತಿಯ ಪಾಲಿನಲ್ಲಿ ಒಂದಷ್ಟು ಕೈಗೆ, ಒಂದಷ್ಟು ಬ್ಯಾಂಕಿನಲ್ಲಿ ಠೇವಣಿ. ಚಿಕ್ಕ ಮಕ್ಕಳ ಪಾಲು 18 ತುಂಬುವವರೆಗೆ ಠೇವಣಿಯಲ್ಲೇ ಇರುತ್ತದೆ. ನಡುವೆ ಓದಿಗೋ ಆಸ್ಪತ್ರೆಗೋ ಬೇಕಾದರೆ ಅದೇ ಎಂವಿಸಿ ನಂಬರು ಬರೆದು ಅರ್ಜಿ ಕೊಟ್ಟು, ಕೋರ್ಟಿನ ಅನುಮತಿ ಪಡೆದು ತೆಗೆಯಬೇಕು.